ಮೂರು ಮಖಮಲ್ಲಿನ ನಿಲುವಂಗಿಗಳು

ಗಡಿಯಾರ ರಿಪೇರಿ ಅಂಗಡಿಯ ಪಕ್ಕದ ಇಕ್ಕಟ್ಟಾದ ಮೆಟ್ಟಿಲುಗಳನ್ನು ಹತ್ತಿದರೆ ಸಿಗುತ್ತಿದ್ದ ಆ ಹೊಲಿಗೆ ಕೋಣೆಗೆ ಬೋರ್ಡು ಇರಲಿಲ್ಲ. ಬೇಕಾದವರಿಗೆ ದಾರಿ ಗೊತ್ತಿತ್ತು. ಗೊತ್ತಿಲ್ಲದೆ ಬಂದವರಿಗೆ ಕೆಳಗಿನ ಗಡಿಯಾರದವನು, ಕಣ್ಣಿಗೆ ಸಿಕ್ಕಿಸಿಕೊಂಡ ಭೂತಗನ್ನಡಿಯನ್ನು ತೆಗೆಯದೆಯೇ, ಹೆಬ್ಬೆರಳಿನಿಂದ ಮೇಲಕ್ಕೆ ತೋರಿಸುತ್ತಿದ್ದ. ಮೇಲೆ ಕಿಟಕಿಯ ಬೆಳಕಿಗೆ ಮುಖಮಾಡಿ ಟೈಲರಕ್ಕ ಕುಳಿತಿರುತ್ತಿದ್ದಳು. ಅವಳ ಬೆನ್ನಿಗೆ ಬೆನ್ನು ಮಾಡಿ, ಗೋಡೆಗೆ ಒತ್ತಿದ ಚಿಕ್ಕ ಮಂಚದ ಮೇಲೆ, ನಾದಿನಿ. ಕತ್ತರಿಸುವುದು, ಹೊಲಿಯುವುದು ಅತ್ತಿಗೆಯ ಪಾಲು. ಕಾಜ, ಗುಂಡಿ, ಅಂಚು ಮಡಚುವುದು, ಇಸ್ತ್ರಿ, ಇಷ್ಟು ನಾದಿನಿಯ ಪಾಲು. ಹೀಗೆ ಇಬ್ಬರೂ ಹದಿನೆಂಟು ವರ್ಷ ಕುಳಿತಿದ್ದರು.

ಇದು ಗಡಿಯಾರದವನಿಗೆ ಬಿಡಿಸಲಾರದ ಒಗಟಾಗಿತ್ತು.

"ಎರಡು ಜುಟ್ಟು ಸೇರಬಹುದು, ಎರಡು ಜಡೆ ಸೇರಲ್ಲ ಅಂತಾರೆ. ನೀವು ಅತ್ತಿಗೆ ನಾದಿನಿ ಅದು ಹೇಗ್ರೀ ಒಂದೇ ರೂಮಲ್ಲಿ ಇರ್ತೀರಿ?" ಎಂದು ಅವನು ವರ್ಷಕ್ಕೆ ಒಂದೆರಡು ಬಾರಿಯಾದರೂ ಕೇಳುತ್ತಿದ್ದ.

"ಇಬ್ಬರ ಕೈಯಲ್ಲೂ ಕತ್ತರಿ ಇದೆಯಲ್ಲ ಅಣ್ಣ, ಅದಕ್ಕೇ," ಎನ್ನುತ್ತಿದ್ದಳು ನಾದಿನಿ.

ಅದು ಹಾಡಿನ ತಂಡಗಳ ಕಾಲ. ಶನಿವಾರ ಸಂಜೆ ಟೀವಿಯಲ್ಲಿ ಒಂದು ಗಂಟೆಯ ಹಾಡಿನ ಕಾರ್ಯಕ್ರಮ ಬರುತ್ತಿತ್ತು. ಆ ಒಂದು ಗಂಟೆ ಬೀದಿಯಲ್ಲಿ ನಾಯಿ ಕೂಡ ಓಡಾಡುತ್ತಿರಲಿಲ್ಲ. ಟೀವಿ ಇಲ್ಲದವರು ಟೀವಿ ಮಾರುವ ಅಂಗಡಿಯ ಗಾಜಿಗೆ ಮೂಗು ಒತ್ತಿ ನಿಲ್ಲುತ್ತಿದ್ದರು; ಗಾಜಿನ ಹೊರಗೆ ದನಿ ಕೇಳಿಸದಿದ್ದರೂ ಹಾಡು ಬಾಯಿಪಾಠವಾಗಿದ್ದರಿಂದ ತಾವೇ ಹಾಡಿಕೊಳ್ಳುತ್ತಿದ್ದರು. ಆ ದಿನಗಳಲ್ಲಿ ಎರಡು ತಂಡಗಳ ಹೆಸರು ಎಲ್ಲರ ನಾಲಿಗೆಯ ಮೇಲಿತ್ತು. ಒಂದು ನಾಲ್ವರು ಹುಡುಗರದು, ಇನ್ನೊಂದು ಮೂವರು ಹುಡುಗಿಯರದು. ಎರಡಕ್ಕೂ ಮ್ಯಾನೇಜರು ಒಬ್ಬನೇ. ಎರಡಕ್ಕೂ ಬಟ್ಟೆ ಹೊಲಿಯುತ್ತಿದ್ದವಳು ಟೈಲರಕ್ಕ.

ಅಳತೆ ಕೊಡುವಾಗ ಮನುಷ್ಯ ಕೈ ಎತ್ತಿ ನಿಲ್ಲಬೇಕು. ಹಾಗೆ ನಿಂತವನು ಏನನ್ನೂ ಬಚ್ಚಿಡಲಾರ ಎಂಬುದು ಟೈಲರಕ್ಕನ ಅನುಭವ. ಆ ನಾಲ್ವರು ಹುಡುಗರಲ್ಲಿ ಡೋಲಿನವನಿಗೂ ಗಿಟಾರಿನವನಿಗೂ ಮಾತು ಬಿಟ್ಟುಹೋಗಿ ನಾಲ್ಕು ತಿಂಗಳಾಗಿತ್ತು. ಒಬ್ಬನು ಮೆಟ್ಟಿಲ ಬುಡದಲ್ಲೇ ನಿಂತು "ಅವನು ಬಂದು ಹೋದನಾ?" ಎಂದು ಗಡಿಯಾರದವನನ್ನು ವಿಚಾರಿಸಿ ಆಮೇಲೆ ಮೇಲೆ ಬರುತ್ತಿದ್ದ. ಒಂದು ಸಲ ಡೋಲಿನವನ ತುಟಿ ಒಡೆದಿತ್ತು. "ಬಾಗಿಲು ತಾಗ್ತು," ಎಂದ. "ಬಾಗಿಲಿಗೂ ಉಂಗುರ ಇತ್ತೇನೋ," ಎಂದಳು ಟೈಲರಕ್ಕ, ಟೇಪಿನ ಮೇಲಿಂದ ಕಣ್ಣೆತ್ತದೆ. ಅವನು ನಕ್ಕುಬಿಟ್ಟ.

ಅದೇ ಸಲ ಹುಡುಗರ ಕೋಟಿಗೆ ಹಿತ್ತಾಳೆಯ ಗುಂಡಿಗಳು ಆರು ಕಡಿಮೆ ಬಿದ್ದವು. ಪೇಟೆಯಲ್ಲಿ ಅಂಥವು ಮತ್ತೆ ಸಿಗಲಿಲ್ಲ. ಡೋಲಿನವನ ಕೋಟಿಗೆ ನಾದಿನಿ ಕಪ್ಪು ಗುಂಡಿ ಹಚ್ಚಿದಳು. ಶನಿವಾರ ಕಳೆದು ಮುಂದಿನ ವಾರದ ಪತ್ರಿಕೆಯಲ್ಲಿ ಓದುಗರ ಕಾಗದಗಳು ಬಂದವು. ನಾದಿನಿ ಗಟ್ಟಿಯಾಗಿ ಓದಿದಳು: "ಗೆಳೆಯರಿಗೆ ಹೊನ್ನಿನ ಗುಂಡಿ ಬಿಟ್ಟುಕೊಟ್ಟು ತಾನು ಕಪ್ಪು ಗುಂಡಿಯಲ್ಲೇ ತೃಪ್ತನಾದ ತ್ಯಾಗಜೀವಿ! ಸ್ನೇಹವೆಂದರೆ ಇದು!" ಒಡೆದ ತುಟಿಯನ್ನು ಕಂಡವರೂ ಇದ್ದರು. "ಅಣ್ಣತಮ್ಮಂದಿರ ಹುಡುಗಾಟದಲ್ಲಿ ಆದ ಗಾಯವಿರಬೇಕು, ಎಷ್ಟು ಚಂದ," ಎಂದು ಅವರು ಬರೆದಿದ್ದರು. ಆಮೇಲೆ ಒಂದು ತಿಂಗಳು ಬೀದಿಯ ಹುಡುಗರೆಲ್ಲ ಇದ್ದ ಗುಂಡಿ ಕಿತ್ತು ಕಪ್ಪು ಗುಂಡಿ ಹಚ್ಚಿಸಿಕೊಳ್ಳಲು ಬಂದರು.

ಹುಡುಗಿಯರ ರೀತಿಯೇ ಬೇರೆ. ಒಬ್ಬಳ ತೋಳು ಬಿಗಿಯಾದರೂ ಮೂವರೂ ಬರುತ್ತಿದ್ದರು. ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಸಾಲಾಗಿ ಕುಳಿತು, ಕಾಲು ತೂಗಾಡಿಸುತ್ತ, ಒಂದೇ ಬಿಸ್ಕತ್ತಿನ ಪೊಟ್ಟಣವನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದರು. "ಇಳೀರೇ, ಮೇಜು ಅಂದ್ರೆ ನನ್ನ ಅನ್ನ," ಎಂದು ಟೈಲರಕ್ಕ ಗದರಿದರೆ ಇಳಿದು, ಅವಳು ಬೆನ್ನು ತಿರುಗಿಸುತ್ತಲೇ ಮತ್ತೆ ಹತ್ತುವರು. ಅವರಿಗೆ ಅವಳು ಇಟ್ಟ ಹೆಸರುಗಳು ಅಳತೆಯಿಂದ ಹುಟ್ಟಿದವು. ಉದ್ದಕ್ಕೆ ಇದ್ದವಳು ಕೋಲು. ಟೇಪು ಕುತ್ತಿಗೆಗೆ ಸುತ್ತಿದಾಗಲೂ ಮಾತು ನಿಲ್ಲಿಸದವಳು ಗಿಣಿ. ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುತ್ತಿದ್ದ ಕನ್ನಡಕದ ಹುಡುಗಿ ಮೌನಿ. ಮೌನಿಗೆ ಕನ್ನಡಕವಿಲ್ಲದಿದ್ದರೆ ಎರಡು ಮಾರು ಆಚೆ ಇದ್ದದ್ದು ಕಾಣುತ್ತಿರಲಿಲ್ಲ. ಮ್ಯಾನೇಜರು ವೇದಿಕೆಯ ಮೇಲೆ ಕನ್ನಡಕ ಬೇಡವೆಂದಿದ್ದ. ಹಾಗಾಗಿ ಹಾಡುವಷ್ಟು ಹೊತ್ತೂ ಗಿಣಿ ಅವಳ ಬೆರಳು ಹಿಡಿದುಕೊಂಡಿರುತ್ತಿದ್ದಳು, ಮೆಟ್ಟಿಲಿಂದ ಜಾರಿ ಬಿದ್ದಾಳೆಂದು. ನೋಡುವವರಿಗೆ ಅದು ಕುಣಿತದ ಒಂದು ಭಂಗಿಯಂತೆ ಕಾಣುತ್ತಿತ್ತು.

ಆ ವರ್ಷದ ದೊಡ್ಡ ಕಾರ್ಯಕ್ರಮಕ್ಕೆ ಮೂವರಿಗೂ ಕಡುಹಸಿರು ಮಖಮಲ್ಲಿನ ನಿಲುವಂಗಿ ಎಂದು ತೀರ್ಮಾನವಾಯಿತು. ಮಖಮಲ್ಲು ಬೆಕ್ಕಿನ ಜಾತಿ. ಬೆನ್ನು ಸವರಿದರೆ ಒಂದು ದಿಕ್ಕಿಗೆ ನುಣ್ಣಗೆ ಮಲಗುತ್ತದೆ, ಎದುರು ದಿಕ್ಕಿಗೆ ಸವರಿದರೆ ರೋಮವೆದ್ದು ಕೈಗೆ ತಡೆಯುತ್ತದೆ. ಬೆಳಕು ಬಿದ್ದಾಗ ಒಂದು ದಿಕ್ಕಿನದು ಕಡು ಬಣ್ಣ, ಇನ್ನೊಂದು ದಿಕ್ಕಿನದು ಹೊಳಪು. ಆದ್ದರಿಂದ ಒಂದೇ ಥಾನಿನ ಬಟ್ಟೆಯಾದರೂ ಎಲ್ಲ ತುಂಡುಗಳನ್ನೂ ಒಂದೇ ದಿಕ್ಕಿಗೆ ಇಟ್ಟು ಕತ್ತರಿಸಬೇಕು. ಕೆಲಸ ಕಲಿಸಿದ ಮುದುಕ ಮೇಸ್ತ್ರಿ ಟೈಲರಕ್ಕನಿಗೆ ಹೇಳಿದ ಮೊದಲ ಪಾಠಗಳಲ್ಲಿ ಇದೊಂದು.

ಕೋಲಿನ ಅಂಗಿಯನ್ನೂ ಗಿಣಿಯ ಅಂಗಿಯನ್ನೂ ಕತ್ತರಿಸಿದ ಮೇಲೆ ನೋಡಿದರೆ, ಮೂರನೆಯದಕ್ಕೆ ಬಟ್ಟೆ ಒಂದು ಗೇಣು ಸಾಲದು. ಅಂಗಡಿಯಲ್ಲಿ ಆ ಥಾನು ಮುಗಿದಿತ್ತು. ಟೈಲರಕ್ಕ ಕಾಗದದ ಅಚ್ಚನ್ನು ಹೀಗಿಟ್ಟಳು, ಹಾಗಿಟ್ಟಳು. ಕೊನೆಗೆ ತಲೆಕೆಳಗು ಮಾಡಿ ಇಟ್ಟಳು. ಹೇಳಿ ಮಾಡಿಸಿದಂತೆ ಕುಳಿತಿತು. ಟ್ಯೂಬ್‌ಲೈಟಿನ ಕೆಳಗೆ ಮೂರನ್ನೂ ತೂಗುಹಾಕಿ, ಒಂದು ಕಣ್ಣು ಮುಚ್ಚಿ ನೋಡಿದಳು. ವ್ಯತ್ಯಾಸ ಕಾಣಲಿಲ್ಲ. ಕಾಣಬಾರದೆಂದು ಮನಸ್ಸಿದ್ದಾಗ ಕಣ್ಣೂ ಅದರ ಮಾತೇ ಕೇಳುತ್ತದೆ.

ಮೌನಿ ಅದನ್ನು ಹಾಕಿಕೊಂಡು ನೋಡಲು ಬಂದ ದಿನ ತೋಳನ್ನೊಮ್ಮೆ ಮೇಲಿಂದ ಕೆಳಕ್ಕೆ, ಒಮ್ಮೆ ಕೆಳಗಿಂದ ಮೇಲಕ್ಕೆ ಸವರಿಕೊಂಡಳು. "ಚೆನ್ನಾಗಿದೆ ಟೈಲರಕ್ಕಾ," ಎಂದಳು.

ಶನಿವಾರ ಸಂಜೆ ವೇದಿಕೆಯ ದೀಪಗಳು ಹತ್ತಿಕೊಂಡಾಗ ಟೈಲರಕ್ಕ ಟೀವಿಯ ಹತ್ತಿರಕ್ಕೆ ಸರಿದಳು. ಅವರ ಕೋಣೆಯ ಕಪ್ಪು ಬಿಳುಪು ಟೀವಿಯಲ್ಲಿ ಕೂಡ ಮೌನಿಯ ಅಂಗಿ ಬೆಳ್ಳಿ ತಟ್ಟೆಯಂತೆ ಹೊಳೆಯುತ್ತಿತ್ತು. ಉಳಿದಿಬ್ಬರದು ಮಸಿ ಅರಿವೆ. ಸಾಲದ್ದಕ್ಕೆ ಆ ವಾರ ಒಂಟಿ ಹಾಡು ಸಿಕ್ಕಿದ್ದೂ ಮೌನಿಗೇ. ಇನ್ನೂ ಸಾಲದ್ದಕ್ಕೆ ಕೋಲಿಗೆ ದವಡೆ ಹಲ್ಲು ನೋಯುತ್ತಿತ್ತು. ಪಾಪ, ಉಗುರುಬೆಚ್ಚಗಿನ ಉಪ್ಪುನೀರು ಮುಕ್ಕಳಿಸಿ ಬಂದು ನಿಂತಿದ್ದಳು. ಅವಳ ಮುಖ ಗಂಟಿಕ್ಕಿತ್ತು.

ಮುಂದಿನ ವಾರದ ಪತ್ರಿಕೆಯಲ್ಲಿ ಓದುಗರ ಪುಟ ತುಂಬಿ ತುಳುಕಿತು. "ತನ್ನ ಅಂಗಿಗೆ ಮಾತ್ರ ಬೆಲೆಬಾಳುವ ಬಟ್ಟೆ ಹಾಕಿಸಿಕೊಂಡ ಈ ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತಿದೆ." "ಉದ್ದನೆಯ ಹುಡುಗಿಯ ಮುಖ ನೋಡಿ, ಹೊಟ್ಟೆಕಿಚ್ಚು ಎದ್ದು ಕಾಣುತ್ತದೆ." "ಕೈ ಹಿಡಿಯುವುದೆಲ್ಲ ಕ್ಯಾಮೆರಾ ಮುಂದೆ. ಒಳಗೆ ಜಡೆ ಹಿಡಿಯುತ್ತಾರೆ."

"ನಂಗೆ ಮೊದಲೇ ಗೊತ್ತಿತ್ತು," ಎಂದಳು ನಾದಿನಿ, ಪತ್ರಿಕೆ ಮಡಚುತ್ತ.

ನಾಲ್ವರು ಹುಡುಗರ ಪಟಗಳನ್ನು ಇಸ್ತ್ರಿ ಮೇಜಿನ ಮೇಲಿನ ಗೋಡೆಗೆ ಅಂಟಿಸಿಕೊಂಡಿದ್ದವಳು ಅವಳು. ಟೈಲರಕ್ಕ ಯಂತ್ರ ತುಳಿಯತೊಡಗಿದಳು. ಆ ತಿಂಗಳೇ ಒಂದು ನಾಟಕ ಕಂಪನಿಯವರು ಇಡೀ ವರ್ಷದ ಉಡುಪುಗಳನ್ನು ಅವಳಿಗೆ ಒಪ್ಪಿಸುವ ಮಾತಾಡಿದ್ದರು: ನಲವತ್ತು ಅಂಗಿ, ಅದರಲ್ಲಿ ಹನ್ನೆರಡು ರಾಜರಾಣಿಯರ ಮಖಮಲ್ಲಿನ ಮೇಲಂಗಿ. ಮಖಮಲ್ಲನ್ನು ತಲೆಕೆಳಗು ಕತ್ತರಿಸುವವಳೆಂದು ಗೊತ್ತಾದರೆ ಆ ಕಂಪನಿಯ ಉಡುಪಿನ ಮೇಲ್ವಿಚಾರಕಿ ಇತ್ತ ತಲೆ ಹಾಕಿಯೂ ಮಲಗುವುದಿಲ್ಲ. ಜನ ಎರಡು ವಾರ ಆಡಿಕೊಂಡು ಮರೆಯುತ್ತಾರೆ ಎಂದು ಅವಳು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಜನ ಮರೆಯಲಿಲ್ಲ. ಮೂರನೆಯ ವಾರ ಮ್ಯಾನೇಜರು ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಬಂದ.

"ಅಕ್ಕಾ, ಇನ್ನೊಂದು ಹುಡುಗಿಗೆ ಬಟ್ಟೆ ಆಗಬೇಕು. ನಿಮ್ಮ ಮೌನೀನ ತಂಡದಿಂದ ತೆಗೀತಾ ಇದ್ದೀವಿ. ಅವಳಿಗೆ ಬೇರೆ ಕಾರ್ಯಕ್ರಮ."

"ಯಾಕೆ? ಜಗಳ ಆಡಿದ್ರಾ?"

"ಆಡಿಲ್ಲ. ಇವತ್ತಲ್ಲ ನಾಳೆ ಆಡ್ತಾರೆ ಬಿಡಿ. ಹುಡುಗಿಯರು ತಾನೇ. ಜನಕ್ಕೆ ಬೇಕಾಗಿರೋದೂ ಅದೇ."

"ಹುಡುಗರು ತುಟಿ ಒಡೆಯೋ ಹಾಗೆ ಹೊಡೆದಾಡಿದ್ರಲ್ಲ, ಅವರನ್ನ ಯಾಕೆ ಬೇರೆ ಮಾಡ್ಲಿಲ್ಲ?"

ಮ್ಯಾನೇಜರು ಮಗುವಿಗೆ ಹೇಳುವಂತೆ ಹೇಳಿದ: "ಅದು ಬೇರೆ ಅಕ್ಕಾ. ಗಂಡಸರ ಜಗಳ ಬೆಳಗಾದ್ರೆ ಮುಗಿಯುತ್ತೆ."

ಇಷ್ಟು ತಿಂಗಳಿಂದ ಬೆಳಗೇ ಆಗಿಲ್ಲವೇನೋ ಎಂದು ಟೈಲರಕ್ಕ ಮನಸ್ಸಿನಲ್ಲೇ ಅಂದುಕೊಂಡಳು.

ಮರುದಿನ ಗಿಣಿ ಬಂದಳು. ಒಬ್ಬಳೇ. ಆರು ವರ್ಷದಲ್ಲಿ ಇದೇ ಮೊದಲು. ಮೇಜಿನ ಮೇಲೆ ಹತ್ತಲಿಲ್ಲ, ನಿಂತೇ ಇದ್ದಳು.

"ಟೈಲರಕ್ಕಾ, ಒಂದು ಕೇಳ್ತೀನಿ, ತಪ್ಪು ತಿಳೀಬೇಡಿ. ಅಂಗಿ ಹೊಲಿಯೋ ಮುಂಚೆ ಅವಳೇನಾದ್ರೂ ಒಬ್ಬಳೇ ಬಂದು ನಿಮ್ಮ ಹತ್ರ ಹೇಳಿದ್ಲಾ? ಅವಳದ್ದಕ್ಕೆ ಮಾತ್ರ ಒಳ್ಳೆ ಬಟ್ಟೆ ಹಾಕಿ ಅಂತ?"

ಟೈಲರಕ್ಕನ ಕಾಲು ಹೊಲಿಗೆ ಯಂತ್ರದ ತುಳಿಹಲಗೆಯ ಮೇಲೆ ನಿಂತುಬಿಟ್ಟಿತು. ಪತ್ರಿಕೆಯವರು ಬರೆದದ್ದು ಪತ್ರಿಕೆಯಲ್ಲೇ ಇರುತ್ತದೆ ಎಂದು ಅವಳು ತಿಳಿದಿದ್ದಳು. ಅದು ಕಾಲು ಬಂದು ಮೆಟ್ಟಿಲು ಹತ್ತಿ ತನ್ನ ಕೋಣೆಗೇ ಬಂದಿತ್ತು. ಪ್ರತಿ ಶನಿವಾರ ಆ ಹುಡುಗಿಯ ಬೆರಳು ಹಿಡಿದು ನಡೆಸಿದವಳ ಬಾಯಿಂದಲೇ ಬಂದಿತ್ತು.

"ನಾಳೆ ಹತ್ತು ಗಂಟೆಗೆ ಬಾ," ಎಂದಳು ಟೈಲರಕ್ಕ. "ಮೂವರೂ ಬನ್ನಿ. ಆ ಅಂಗಿಗಳನ್ನೂ ತನ್ನಿ."

ಮರುದಿನ ಮೂವರೂ ಬಂದರು. ಒಬ್ಬೊಬ್ಬರಾಗಿ, ಬೇರೆ ಬೇರೆ ಬಸ್ಸಿನಲ್ಲಿ. ಟೈಲರಕ್ಕ ಮೂರು ನಿಲುವಂಗಿಗಳನ್ನೂ ಮೇಜಿನ ಮೇಲೆ ಉದ್ದಕ್ಕೆ ಹಾಸಿ, ಕಿಟಕಿ ಪೂರ್ತಿ ತೆರೆದಳು.

"ಕುತ್ತಿಗೆಯಿಂದ ಕೆಳಕ್ಕೆ ಸವರಿ. ಇದು ಕೋಲಿಂದು. ಇದು ನಿಂದು, ಗಿಣಿ. ಹೇಗಿದೆ?"

"ತಡೆಯುತ್ತೆ. ಬೆಕ್ಕನ್ನ ಬಾಲದಿಂದ ತಲೆ ಕಡೆಗೆ ಸವರಿದ ಹಾಗೆ."

"ಈಗ ಇದು."

ಗಿಣಿ ಮೌನಿಯ ಅಂಗಿಯನ್ನು ಸವರಿದಳು. ಕೈ ನೀರಿನ ಮೇಲೆ ಜಾರಿದಂತೆ ಜಾರಿತು. ಮತ್ತೊಮ್ಮೆ ಸವರಿದಳು. ಕೋಲು ಕೂಡ ಕೈ ಹಾಕಿ ನೋಡಿದಳು.

"ಬಟ್ಟೆ ಒಂದೇ, ಥಾನೂ ಒಂದೇ," ಎಂದಳು ಟೈಲರಕ್ಕ. "ಒಂದು ಗೇಣು ಕಡಿಮೆ ಬಿತ್ತು. ನಾನು ಅಚ್ಚು ತಲೆಕೆಳಗು ಇಟ್ಟು ಕತ್ತರಿಸಿದೆ. ಅವಳು ಕೇಳಿದ್ದಲ್ಲ, ನಾನು ಮಾಡಿದ್ದು. ಗೊತ್ತಿದ್ದೂ ಮೂರು ವಾರ ಬಾಯಿ ಹೊಲ್ಕೊಂಡು ಕೂತಿದ್ದೆ."

ನಾದಿನಿಯ ಕೈಯ ಸೂಜಿ ಅರ್ಧಕ್ಕೇ ನಿಂತಿತು. ಗಿಣಿಯ ಮುಖ ಕೆಂಪಾಗಿ, ಕಣ್ಣು ತುಂಬಿ, ಅವಳು ಮೌನಿಯ ಕಡೆಗೆ ನೋಡಲಾರದೆ ಮೇಜಿನ ಅಂಚನ್ನು ಉಗುರಿನಿಂದ ಕೆರೆಯತೊಡಗಿದಳು.

"ನೀನಾದ್ರೂ ಹೇಳಬಾರದಿತ್ತೇನೇ?" ಎಂದು ಕೋಲು ಮೌನಿಯನ್ನು ಕೇಳಿದಳು.

ಮೌನಿ ಕನ್ನಡಕ ತೆಗೆದು ಒರೆಸಿಕೊಂಡಳು. "ನಮ್ಮಪ್ಪ ಚಿತ್ರಮಂದಿರದ ಕುರ್ಚಿಗಳಿಗೆ ಮಖಮಲ್ಲು ಹೊದಿಸ್ತಿದ್ರು. ಹಾಕಿ ನೋಡಿದ ದಿನವೇ ಕೈಗೆ ಗೊತ್ತಾಯ್ತು."

"ಮತ್ತೆ?" ಎಂದಳು ಟೈಲರಕ್ಕ.

"ಹೇಳಿದ್ರೆ ನಿಮ್ಮ ಹೆಸರು ಹೋಗ್ತಿತ್ತು, ಟೈಲರಕ್ಕಾ. ನಮ್ಮ ಹೆಸರು ಹೇಗಿದ್ರೂ ಹೋಗೋದೇ. ಈ ಅಂಗಿ ಇಲ್ದಿದ್ರೆ ಇನ್ನೊಂದು ಸಿಗ್ತಿತ್ತು ಅವರಿಗೆ. ಇವಳ ಹಲ್ಲುನೋವೂ ಸಾಕಾಯ್ತಲ್ಲ."

ಕೋಲು ತಡೆಯಲಾರದೆ ನಕ್ಕಳು. ಗಿಣಿ ಅಳುತ್ತಲೇ ನಕ್ಕಳು. ಆಮೇಲೆ ಮೂಗು ಒರೆಸಿಕೊಂಡು, "ನಾನು ಕತ್ತೆ," ಎಂದಳು. "ಅದು ನಮಗೆ ಮೊದಲಿಂದ್ಲೂ ಗೊತ್ತು," ಎಂದಳು ಮೌನಿ. ಮೂವರೂ ಮೇಜಿನ ಮೇಲೆ ಹತ್ತಿ ಕುಳಿತರು. ಟೈಲರಕ್ಕ ಇಳಿಯಿರಿ ಎನ್ನಲಿಲ್ಲ.

ಅವರು ಹೋದ ಮೇಲೆ ಅವಳು ನಾದಿನಿಯ ಕೈಗೆ ಕಾಗದ ಕೊಟ್ಟಳು. ಟೈಲರಕ್ಕನಿಗೆ ಅಂಕಿಗಳನ್ನು ಬರೆದು ರೂಢಿ. ನಾಲ್ಕು ಸಾಲು ಬರೆಯುವ ಅಭ್ಯಾಸವಿರಲಿಲ್ಲ.

"ಪತ್ರಿಕೆಗೆ ಬರಿ. ಅಂಗಿ ಕತ್ತರಿಸಿದ್ದು ನಾನು, ತಪ್ಪು ನಂದು, ಆ ಹುಡುಗಿಯರಲ್ಲಿ ಜಗಳ ಇಲ್ಲ."

"ನಾಟಕದವರ ಕೆಲಸ ಹೋಗುತ್ತೆ ಅತ್ತಿಗೆ."

"ಹೋಗ್ಲಿ, ಬರಿ."

ನಾದಿನಿ ಎರಡು ಸಾಲು ಬರೆದು ಪೆನ್ನು ನಿಲ್ಲಿಸಿದಳು. "ತಪ್ಪು ನಂದು ಅಂತ ಬೇಕಾದ್ರೆ ಬರೀತೀನಿ. ಜಗಳ ಇಲ್ಲ ಅಂತ ಹೇಗೆ ಬರೆಯೋದು? ಒಳಗೊಳಗೆ ಏನೋ ಇದ್ದೇ ಇರುತ್ತೆ. ನಿನ್ನೆ ಗಿಣಿ ಅಂದ ಮಾತು ನೋಡಿದಿರಲ್ಲ."

"ನೀನೂ ನಾನೂ ಹದಿನೆಂಟು ವರ್ಷದಿಂದ ಇಲ್ಲಿ ಕೂತಿದ್ದೀವಿ. ನಮ್ಮೊಳಗೆ ಏನಿದೆ?"

"ನಾವು ಬೇರೆ."

"ಹೇಗೆ ಬೇರೆ?"

ನಾದಿನಿ ಪೆನ್ನಿನ ಹಿಂಬದಿಯಿಂದ ಕಿವಿ ಕೆರೆದುಕೊಂಡಳು. ಗೋಡೆಯ ಮೇಲಿನ ಹುಡುಗರ ಪಟದ ಕಡೆಗೆ ನೋಡಿದಳು. ಡೋಲಿನವನು ಗಿಟಾರಿನವನ ಹೆಗಲ ಮೇಲೆ ಕೈ ಹಾಕಿ ನಗುತ್ತಿದ್ದ ಪಟ.

"ನಾವಿಬ್ಬರು ಮಾತು ಬಿಟ್ಟಿದ್ದು ಒಂದೇ ಸಲ ಅಲ್ವಾ," ಎಂದಳು ನಿಧಾನವಾಗಿ. "ನಾನು ಇಸ್ತ್ರಿ ಮರೆತು ಆ ರೇಷ್ಮೆ ಸುಟ್ಟಾಗ."

"ಅದೂ ಮಧ್ಯಾಹ್ನದ ಊಟದ ತನಕ."

"ಊಟಕ್ಕೆ ನೀವೇ ಕರೆದಿರಿ." ನಾದಿನಿ ಕಾಗದವನ್ನು ಹತ್ತಿರಕ್ಕೆ ಎಳೆದುಕೊಂಡು ಬರೆದಳು. ಬರೆದು ಮುಗಿಸಿ, ಅತ್ತಿಗೆ ಹೇಳದ ಒಂದು ಸಾಲನ್ನು ತಾನೇ ಸೇರಿಸಿದಳು: ಹುಡುಗರ ಕೋಟಿನ ಕಪ್ಪು ಗುಂಡಿಗೂ ಕಾರಣ ಗುಂಡಿ ಸಾಲದೆ ಹೋದದ್ದೇ, ಬೇರೇನೂ ಅಲ್ಲ.

ಪತ್ರಿಕೆಯವರು ಕಾಗದವನ್ನು ಪುಟದ ಮೂಲೆಯಲ್ಲಿ ಅಚ್ಚು ಹಾಕಿದರು. ಅದರಿಂದ ಜಗತ್ತೇನೂ ಬದಲಾಗಲಿಲ್ಲ. "ಪಾಪ, ಟೈಲರ್ ಹೆಂಗಸಿನ ತಲೆಗೆ ಕಟ್ಟಿದ್ದಾರೆ," ಎಂದು ಮುಂದಿನ ವಾರ ಒಬ್ಬರು ಬರೆದರು. ಗುಂಡಿಯ ಸಾಲನ್ನಂತೂ ಯಾರೂ ನಂಬಲಿಲ್ಲ. ಗೆಳೆತನಕ್ಕೆ ಕಲ್ಲು ಹಾಕುವ ಹೊಟ್ಟೆಕಿಚ್ಚಿನ ಮಾತು ಎಂದರು. ನಂಬಿದವರು ನಾಟಕ ಕಂಪನಿಯವರು ಮಾತ್ರ. ನಲವತ್ತು ಅಂಗಿಗಳ ಕೆಲಸ ಬೇರೆಯವರ ಪಾಲಾಯಿತು. ಆ ವರ್ಷ ಟೈಲರಕ್ಕ ಶಾಲೆಯ ಸಮವಸ್ತ್ರಗಳನ್ನು ಹೊಲಿದು ಕಾಲ ತಳ್ಳಿದಳು.

ಹುಡುಗಿಯರು ಅದೇ ವಾರ ಒಟ್ಟಿಗೆ ಹೋಗಿ ಮ್ಯಾನೇಜರ ಮೇಜಿನ ಮುಂದೆ ನಿಂತಿದ್ದರು. "ಇಟ್ಟುಕೊಂಡ್ರೆ ಮೂವರನ್ನೂ ಇಟ್ಕೊಳ್ಳಿ, ಬಿಟ್ರೆ ಮೂವರನ್ನೂ ಬಿಡಿ" ಎಂದು ಹೇಳಿದವಳು, ಎಲ್ಲರಿಗೂ ಅಚ್ಚರಿಯಾಗುವಂತೆ, ಮೌನಿ. ಇನ್ನೂ ಐದು ವರ್ಷ ಅವರು ಹಾಡಿದರು. ಮಖಮಲ್ಲಿನ ಅಂಗಿಗಳನ್ನು ಬೇಕೆಂದೇ ಮತ್ತೆ ಮತ್ತೆ ಹಾಕಿಕೊಂಡರು. ಗಿಣಿ, ಮೌನಿ ಇಬ್ಬರ ಎತ್ತರ ಒಂದೇ ಆಗಿದ್ದರಿಂದ ಒಂದು ಸಲ ಹೊಳೆಯುವುದನ್ನು ಗಿಣಿ ತೊಟ್ಟಳು. ಗಿಣಿ ಕಿತ್ತುಕೊಂಡಳೆಂದು ಪತ್ರಿಕೆಗೆ ಕಾಗದಗಳು ಬಂದವು. ಅವನ್ನು ಈ ಕೋಣೆಯಲ್ಲೇ ಗಟ್ಟಿಯಾಗಿ ಓದಿ, ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಓದುತ್ತಿದ್ದವಳು ನಾದಿನಿ.

ನಾಲ್ವರು ಹುಡುಗರು ಮರುವರ್ಷವೇ ಬೇರೆಯಾದರು. ವಕೀಲರು ಬಂದರು, ಹೆಸರಿಗಾಗಿ ಎಳೆದಾಟವಾಯಿತು. ಅಭಿಮಾನಿಗಳು ಅತ್ತರು, ವಿಧಿಯನ್ನು ಬೈದರು. ಜುಟ್ಟುಗಳ ವಿಚಾರವಾಗಿ ಯಾರೂ ಗಾದೆ ಹೇಳಲಿಲ್ಲ.

ಹುಡುಗಿಯರು ನಿಲ್ಲಿಸಿದ್ದು ಕೋಲಿನ ಗಂಟಲಿಗಾಗಿ. ಇನ್ನು ಹಾಡಿದರೆ ಮಾತೂ ಹೋಗುತ್ತದೆ ಎಂದು ವೈದ್ಯರು ಹೇಳಿದ್ದರು. ಅವಳಿಲ್ಲದೆ ಹಾಡಲು ಉಳಿದಿಬ್ಬರಿಗೆ ಮನಸ್ಸಿರಲಿಲ್ಲ. "ಕೊನೆಗೂ ಒಡೆದ ತಂಡ" ಎಂದು ಪತ್ರಿಕೆ ಬರೆದ ವಾರ ಮೂವರೂ ಮೆಟ್ಟಿಲು ಹತ್ತಿ ಬಂದರು. ಮೂವರೂ ಪಕ್ಕಪಕ್ಕದಲ್ಲೇ ಬರಲು ಹೋಗಿ ತಿರುವಿನಲ್ಲಿ ಸಿಕ್ಕಿಕೊಂಡು, ಕಿರುಚಿ, ನಕ್ಕು ಬಂದರು. ಕೋಲಿಗೆ ಅಂಚೆ ಕಚೇರಿಯಲ್ಲಿ ಕೆಲಸ ಸಿಕ್ಕಿತ್ತು, ಮೌನಿಗೆ ಮಕ್ಕಳಿಗೆ ಸಂಗೀತ ಹೇಳಿಕೊಡುವ ಕೆಲಸ. ಗಿಣಿ ಇನ್ನೂ ಹುಡುಕುತ್ತಿದ್ದಳು. ಆದರೂ ಮೂವರಿಗೂ ಕೆಲಸಕ್ಕೆ ಹಾಕಿಕೊಂಡು ಹೋಗುವ ಸಾದಾ ಹತ್ತಿ ಅಂಗಿ ಬೇಕಿತ್ತು, ಎರಡೆರಡು.

ಟೈಲರಕ್ಕ ಟೇಪು ಕೈಗೆತ್ತಿಕೊಂಡಳು. ಇವರ ಅಳತೆ ಅವಳಿಗೆ ಬಾಯಿಪಾಠ. ಪುಸ್ತಕ ತೆರೆಯುವ ಅಗತ್ಯವೇ ಇರಲಿಲ್ಲ. ಆದರೂ ಕೋಲಿನ ಭುಜ, ಗಿಣಿಯ ಕುತ್ತಿಗೆ, ಮೌನಿಯ ತೋಳು, ಒಂದೊಂದನ್ನೂ ನಿಧಾನವಾಗಿ ತೆಗೆದು, ನಾದಿನಿಗೆ ಹೇಳಿ ಬರೆಸಿದಳು. ಮುಗಿದ ಮೇಲೆ ಕೋಲನ್ನು ಮತ್ತೆ ಕರೆದಳು.

"ಈಗ ತಾನೇ ತಗೊಂಡ್ರಲ್ಲ ಟೈಲರಕ್ಕಾ?" ಎಂದಳು ಕೋಲು, ಪಿಸುದನಿಯಲ್ಲಿ.

"ತಪ್ಪಾಗಬಾರದು ನೋಡು. ಕೈ ಎತ್ತು," ಎಂದಳು ಟೈಲರಕ್ಕ.